ಕೊಬ್ಬಿನಿಂದ ತೆಗೆದ ಕಾಂಡಕೋಶ ಮಂಡಿಯಲ್ಲಿ ಹೊಸ ಕಾರ್ಟಿಲೇಜ್ ಆಗುತ್ತದೆಯೇ?

ಪ್ರಶ್ನೆ: ನನ್ನ ತಾಯಿಗೆ 61 ವರ್ಷ. ಎರಡೂ ಮಂಡಿ ಸವೆದಿವೆ, ಎಕ್ಸ್‌ರೇ ನೋಡಿ ಮೂರನೇ ಹಂತ ಎಂದಿದ್ದಾರೆ. ಹೊಟ್ಟೆಯ ಕೊಬ್ಬು ತೆಗೆದು, ಅದರಿಂದ ಮೆಸೆಂಕೈಮಲ್ ಸ್ಟೆಮ್ ಸೆಲ್ (ಒಂದು ಬಗೆಯ ಕಾಂಡಕೋಶ) ಬೇರ್ಪಡಿಸಿ, ಅದೇ ದಿನ ಮಂಡಿಗೆ ಚುಚ್ಚಿದರೆ ಕಾರ್ಟಿಲೇಜ್ ಮತ್ತೆ ಬೆಳೆಯುತ್ತದೆ ಎಂದು ಒಬ್ಬರು ಹೇಳಿದರು. ಇನ್ನೊಬ್ಬರು, ಲ್ಯಾಬ್‌ನಲ್ಲಿ ಬೆಳೆಸಿದ ಹೊಕ್ಕುಳಬಳ್ಳಿಯ ಕೋಶವೇ ಮೇಲು ಎಂದರು. ಈ ಕೋಶಗಳು ನಿಜಕ್ಕೂ ಮಾಡುವುದೇನು? ಯಾವ ಕಾಯಿಲೆಗೆ ಕೆಲಸ ಮಾಡಿವೆ? ತೀರ್ಮಾನಕ್ಕೆ ಮುಂಚೆ ನಾವು ಏನು ಕೇಳಬೇಕು?

ಉತ್ತರ: ಚುಚ್ಚಿದ ಕೋಶಗಳು ಮಂಡಿಯಲ್ಲಿ ನೆಲೆನಿಂತು, ಸವೆದ ಜಾಗ ತುಂಬಿ, ತಾವೇ ಕಾರ್ಟಿಲೇಜ್ (ಕೀಲಿನಲ್ಲಿ ಮೂಳೆಯ ತುದಿಗೆ ಹೊದ್ದಿರುವ ನುಣುಪು ಪದರ) ಆಗುತ್ತವೆ ಎಂದು ಹೇಳಲು ಬೇಕಾದ ಪುರಾವೆ ಇಲ್ಲ. ಕೆಲವರಿಗೆ ನೋವು ಇಳಿಯುತ್ತದೆ, ಅದು ನಿಜ. ಆದರೆ ನೋವು ಇಳಿಯುವುದು ಒಂದು ಮಾತು, ಕಾರ್ಟಿಲೇಜ್ ಬೆಳೆಯುವುದು ಇನ್ನೊಂದು ಮಾತು. ನಿಮಗೆ ಸಿಕ್ಕ ಸಲಹೆಯಲ್ಲಿ ಎರಡನ್ನೂ ಒಂದೇ ಗಂಟು ಕಟ್ಟಿದ್ದಾರೆ. ಅದನ್ನು ಬಿಚ್ಚಬೇಕಾದರೆ ಈ ಕೋಶ ಯಾವುದು, ಎಷ್ಟು ಸಿಗುತ್ತದೆ, ಮೈಯೊಳಗೆ ಹೋದ ಮೇಲೆ ಅದರ ಗತಿ ಏನು ಎಂಬಲ್ಲಿಂದ ಹೊರಡಬೇಕು.

ಅರ್ಧ ಗೊಂದಲ ಹೆಸರಿನಲ್ಲೇ ಇದೆ. 1960–70ರ ದಶಕಗಳಲ್ಲಿ ಮಾಸ್ಕೋದ ಅಲೆಕ್ಸಾಂಡರ್ ಫ್ರೀಡೆನ್‌ಸ್ಟೈನ್ ಮತ್ತು ಸಂಗಡಿಗರು ಪ್ರಾಣಿಗಳ ಮೂಳೆಮಜ್ಜೆಯನ್ನು ಪಾತ್ರೆಯಲ್ಲಿ ಹರಡಿ ಬೆಳೆಸಿದರು. ರಕ್ತಕೋಶಗಳು ತೇಲಿಹೋದವು, ಕದಿರಿನಾಕಾರದ ಕೆಲವೇ ಕೋಶಗಳು ತಳಕ್ಕೆ ಅಂಟಿ, ಒಂದೊಂದೂ ಒಂದು ಗುಂಪಾಗಿ ಹರಡಿತು. ಅವನ್ನು ಮತ್ತೆ ಪ್ರಾಣಿಯ ಮೈಯಲ್ಲಿ ಇಟ್ಟಾಗ ಮೂಳೆ ಕಟ್ಟಿತು. ಇದೇ ಕೋಶಗಳಿಗೆ 1991ರಲ್ಲಿ ಅಮೆರಿಕದ ಆರ್ನಾಲ್ಡ್ ಕ್ಯಾಪ್ಲನ್ ‘ಮೆಸೆಂಕೈಮಲ್ ಸ್ಟೆಮ್ ಸೆಲ್’ ಎಂದು ಹೆಸರಿಟ್ಟರು. ಎಂಎಸ್‌ಸಿ ಎಂಬುದು ಅದರ ಚಿಕ್ಕ ರೂಪ. ಸ್ವಾರಸ್ಯವೆಂದರೆ 2017ರಲ್ಲಿ ಅದೇ ಕ್ಯಾಪ್ಲನ್, ಈ ಹೆಸರು ರೋಗಿಗಳನ್ನು ದಾರಿ ತಪ್ಪಿಸುತ್ತಿದೆ, ಬದಲಿಸಿ ಎಂದು ಬರೆದರು. ಮೂರಕ್ಷರ ಹಾಗೇ ಇರಲಿ, ಆದರೆ ‘ಮೆಡಿಸಿನಲ್ ಸಿಗ್ನಲಿಂಗ್ ಸೆಲ್’ ಅನ್ನಿ ಎಂಬುದು ಅವರ ಸಲಹೆ. ಅಂದರೆ ಔಷಧದಂತೆ ಸಂಕೇತ ಕಳಿಸುವ ಕೋಶ. ಹೆಸರಿಟ್ಟವರೇ ಹಿಂದೆಗೆದ ಹೆಸರು ಜಾಹೀರಾತುಗಳಲ್ಲಿ ಮಾತ್ರ ಗಟ್ಟಿಯಾಗಿ ಕೂತಿದೆ.

ಯಾವ ಕೋಶವನ್ನು ಎಂಎಸ್‌ಸಿ ಅನ್ನಬೇಕು ಎಂಬುದಕ್ಕೆ ಅಂತರರಾಷ್ಟ್ರೀಯ ಕೋಶಚಿಕಿತ್ಸಾ ಸಂಘ 2006ರಲ್ಲಿ ಕನಿಷ್ಠ ಲಕ್ಷಣಗಳನ್ನು ಗೊತ್ತುಮಾಡಿತು. ಪ್ಲಾಸ್ಟಿಕ್ ತಳಕ್ಕೆ ಅಂಟಿ ಬೆಳೆಯಬೇಕು. ಮೇಲ್ಮೈಯಲ್ಲಿ ಸಿಡಿ73, ಸಿಡಿ90, ಸಿಡಿ105 ಗುರುತುಗಳು ಶೇ 95ಕ್ಕಿಂತ ಹೆಚ್ಚು ಕೋಶಗಳಲ್ಲಿ ಇರಬೇಕು. ರಕ್ತಕೋಶದ ಗುರುತುಗಳಾದ ಸಿಡಿ45, ಸಿಡಿ34 ಮೊದಲಾದವು ಮತ್ತು ದೇಹದ ರಕ್ಷಣಾ ವ್ಯವಸ್ಥೆ ಗುರುತಿಸುವ ಎಚ್‌ಎಲ್‌ಎ-ಡಿಆರ್ ಶೇ 2ನ್ನು ಮೀರಬಾರದು. ಪಾತ್ರೆಯಲ್ಲಿ ತಕ್ಕ ಪೋಷಕ ಕೊಟ್ಟರೆ ಮೂಳೆ, ಕೊಬ್ಬು, ಕಾರ್ಟಿಲೇಜ್ ಮೂರರ ದಾರಿಯನ್ನೂ ಹಿಡಿಯಬೇಕು. ಇದು ಕನಿಷ್ಠ ಪಟ್ಟಿ, ಗುಣಮಟ್ಟದ ಪ್ರಮಾಣಪತ್ರ ಅಲ್ಲ. ಚರ್ಮದ ನಾರು ಕಟ್ಟುವ ಸಾಮಾನ್ಯ ಕೋಶವಾದ ಫೈಬ್ರೊಬ್ಲಾಸ್ಟ್ ಕೂಡ ಆ ಮೂರು ಸಿಡಿ ಗುರುತುಗಳನ್ನು ಆರಾಮಾಗಿ ತೋರಿಸುತ್ತದೆ. ಆದ್ದರಿಂದ ‘ನಮ್ಮ ಕೋಶಗಳು ಶೇ 98 ಸಿಡಿ90 ಪಾಸಿಟಿವ್’ ಎಂಬ ವರದಿ ಯಾರಾದರೂ ತೋರಿಸಿದರೆ, ಕೋಶಗಳಲ್ಲಿ ರಕ್ತದ ಬೆರಕೆ ಎಷ್ಟಿದೆ ಎಂಬ ಅಂದಾಜು ಅದರಿಂದ ಸಿಗಬಹುದು. ಅವು ಕೆಲಸ ಮಾಡುತ್ತವೆಯೇ ಎಂಬುದಕ್ಕೆ ಆ ಕಾಗದದಲ್ಲಿ ಉತ್ತರವಿಲ್ಲ.

ಮೈಯೊಳಗೆ ಹೋದ ಮೇಲೆ

ಪಾತ್ರೆಯಲ್ಲಿ ಬೆಳೆದ ಎಂಎಸ್‌ಸಿ 15ರಿಂದ 30 ಮೈಕ್ರಾನ್ ಅಗಲದ ದೊಡ್ಡ ಕೋಶ. ಶ್ವಾಸಕೋಶದ ಲೋಮನಾಳಗಳು 10 ಮೈಕ್ರಾನ್‌ಗಿಂತ ಕಿರಿದು. ರಕ್ತನಾಳಕ್ಕೆ ಕೊಟ್ಟರೆ ಬಹುಪಾಲು ಕೋಶಗಳು ಮೊದಲ ಸುತ್ತಿನಲ್ಲೇ ಶ್ವಾಸಕೋಶದಲ್ಲಿ ಸಿಕ್ಕಿಕೊಳ್ಳುತ್ತವೆ, ಒಂದೆರಡು ದಿನಗಳಲ್ಲಿ ಬಹುಮಟ್ಟಿಗೆ ಇಲ್ಲವಾಗುತ್ತವೆ. ‘ಗಾಯವಾದ ಜಾಗವನ್ನು ತಾವೇ ಹುಡುಕಿಕೊಂಡು ಹೋಗುತ್ತವೆ’ ಎಂಬ ಮಾತನ್ನು ಈ ಅಳತೆಗಳ ಪಕ್ಕದಲ್ಲಿಟ್ಟು ನೋಡಿ.

ಹಾಗಾದರೆ ಇಷ್ಟು ಬೇಗ ಸಾಯುವ ಕೋಶ ಮಾಡುವುದೇನು? ಬದುಕಿರುವಷ್ಟು ಹೊತ್ತು ಪ್ರೋಸ್ಟಗ್ಲಾಂಡಿನ್ ಇ2, ಟಿಎಸ್‌ಜಿ-6 ಮುಂತಾದ ವಸ್ತುಗಳನ್ನು ಸ್ರವಿಸುತ್ತದೆ. ಸುತ್ತ ಉರಿಯೂತ ಜೋರಾಗಿದ್ದು ಇಂಟರ್‌ಫೆರಾನ್ ಗಾಮಾ ಎಂಬ ಉರಿಯೂತದ ಸಂಕೇತ ಮೈಗೆ ತಾಗಿದರೆ ಐಡಿಒ ಎಂಬ ಕಿಣ್ವ ತಯಾರಿಸಿ, ರಕ್ಷಣಾ ಪಡೆಯ ಟಿ-ಕೋಶಗಳಿಗೆ ಬೇಕಾದ ಟ್ರಿಪ್ಟೊಫಾನ್ ಎಂಬ ಪೋಷಕಾಂಶ ಖಾಲಿ ಮಾಡಿ ಅವುಗಳ ಅಬ್ಬರ ತಗ್ಗಿಸುತ್ತದೆ. ಸಾಯುವಾಗಲೂ ಕೆಲಸ ನಡೆಯುತ್ತದೆ: ಸತ್ತ ಎಂಎಸ್‌ಸಿಯನ್ನು ನುಂಗಿದ ಮ್ಯಾಕ್ರೊಫೇಜ್‌ಗಳು (ಕಸ ನುಂಗುವ ರಕ್ಷಣಾ ಕೋಶಗಳು) ಉರಿಯೂತ ಹೆಚ್ಚಿಸುವ ಗುಣ ಬಿಟ್ಟು ಶಮನ ಮಾಡುವ ಕಡೆಗೆ ತಿರುಗುತ್ತವೆ. ಅಂದರೆ ಇದು ಇಟ್ಟಿಗೆಯಂತೆ ಗೋಡೆ ಸೇರುವ ಕೋಶವಲ್ಲ. ಉರಿಯೂತದ ಗತಿ ಬದಲಿಸಿ ಹೊರಟುಹೋಗುವ ಕೋಶ. ಉರಿಯೂತ ಇಲ್ಲದ ಕಡೆ ಅದಕ್ಕೆ ಹೆಚ್ಚು ಕೆಲಸವೂ ಇಲ್ಲ. ಮುಂದೆ ಹೇಳುವ ಗೆಲುವು ಸೋಲುಗಳಲ್ಲಿ ಹೆಚ್ಚಿನವು ಈ ಒಂದು ಸಂಗತಿಯಿಂದ ಅರ್ಥವಾಗುತ್ತವೆ.

ಮಂಡಿಗೆ ಬರೋಣ. ಕೀಲಿನ ದ್ರವಕ್ಕೆ ಚುಚ್ಚಿದ ಕೋಶಗಳಿಗೆ ಗುರುತು ಹಾಕಿ ಪ್ರಾಣಿಗಳಲ್ಲಿ ಹಿಂಬಾಲಿಸಿದಾಗ, ಅವು ಹೆಚ್ಚಾಗಿ ಸಿಕ್ಕಿದ್ದು ಕೀಲಿನ ಒಳಪೊರೆಯಾದ ಸೈನೋವಿಯಂನಲ್ಲಿ. ನುಣುಪಾದ ಕಾರ್ಟಿಲೇಜ್ ಮೇಲೆ ಕೂರುವಂಥವು ಕಡಿಮೆ. ಕೂತರೂ ತೊಂದರೆ ಮುಗಿಯಲಿಲ್ಲ. ಲ್ಯಾಬ್‌ನಲ್ಲಿ ಎರಡೂವರೆ ಲಕ್ಷ ಕೋಶಗಳನ್ನು ಶಂಕುವಿನ ತಳದ ಕೊಳವೆಯಲ್ಲಿ ತಿರುಗಿಸಿ ಉಂಡೆ ಮಾಡಿ, ಬೆಳವಣಿಗೆಯ ಸಂಕೇತವಾದ ಟಿಜಿಎಫ್-ಬೀಟಾ3 ಮಿಲಿಲೀಟರಿಗೆ 10 ನ್ಯಾನೊಗ್ರಾಂ ಮತ್ತು ಡೆಕ್ಸಾಮೆಥಾಸೋನ್ ಸ್ಟಿರಾಯ್ಡ್ ಕೊಟ್ಟು 21 ದಿನ ಇಟ್ಟರೆ ಕಾರ್ಟಿಲೇಜ್‌ನಂಥ ಬಿಳಿ ಮುತ್ತು ಸಿಗುತ್ತದೆ. ಕತ್ತರಿಸಿ ಆಲ್ಸಿಯನ್ ಬ್ಲೂ ಬಣ್ಣ ಹಚ್ಚಿದರೆ ಚಂದಕ್ಕೆ ನೀಲಿಯಾಗುತ್ತದೆ. ಆದರೆ ಅದೇ ಮುತ್ತಿನಲ್ಲಿ ಕೊಲಾಜೆನ್ 10 ಕೂಡ ಕಾಣಿಸಿಕೊಳ್ಳುತ್ತದೆ. ಅದು ಮಕ್ಕಳ ಮೂಳೆ ಉದ್ದವಾಗುವ ತುದಿಗಳಲ್ಲಿ, ಮುಂದೆ ಮೂಳೆಯಾಗಲಿರುವ ಕಾರ್ಟಿಲೇಜ್‌ನಲ್ಲಿ ಇರುವ ಗುರುತು. ಮಂಡಿಯ ಮೇಲ್ಮೈಗೆ ಬೇಕಾದದ್ದು ಕೊಲಾಜೆನ್ 2 ತುಂಬಿದ, ಜೀವಮಾನವಿಡೀ ಮೂಳೆಯಾಗದೆ ಉಳಿಯುವ ಹಯಲೈನ್ ಕಾರ್ಟಿಲೇಜ್. ಇಷ್ಟೆಲ್ಲ ಹದ ಮಾಡಿಕೊಟ್ಟ ಪಾತ್ರೆಯಲ್ಲೇ ದಾರಿ ತಪ್ಪುವ ಕೋಶ, ಉರಿಯೂತವಿರುವ, ದಿನವೂ ಮೈಭಾರ ಹೊರುವ ಕೀಲಿನಲ್ಲಿ ತಾನಾಗಿ ಸರಿದಾರಿ ಹಿಡಿಯುತ್ತದೆ ಎಂದು ನಂಬುವುದು ಕಷ್ಟ.

‘ಅದೇ ದಿನ’ ಎಂಬುದರ ಲೆಕ್ಕ

ಮೂಳೆಮಜ್ಜೆಯಲ್ಲಿ ಏಕಕೇಂದ್ರ ಕೋಶಗಳ (ಒಂದೇ ದುಂಡು ಕೇಂದ್ರವಿರುವ ಕೋಶಗಳ) ಪೈಕಿ ಎಂಎಸ್‌ಸಿ ಇರುವುದು ಶೇ 0.001ರಿಂದ 0.01. 10 ಮಿಲಿಲೀಟರ್ ಮಜ್ಜೆಯಲ್ಲಿ ಸುಮಾರು 10 ಕೋಟಿ ಏಕಕೇಂದ್ರ ಕೋಶಗಳಿದ್ದರೆ, ಅದರಲ್ಲಿ ನಿಮಗೆ ಬೇಕಾದವು ಒಂದು ಸಾವಿರದಿಂದ ಹತ್ತು ಸಾವಿರ. ಅದೂ ಸರಿಯಾಗಿ ಎಳೆದಿದ್ದರೆ. ಒಂದೇ ಜಾಗದಿಂದ ಒಂದೇ ಸಲಕ್ಕೆ 10–20 ಮಿಲಿಲೀಟರ್ ಎಳೆದರೆ ಮಜ್ಜೆಗಿಂತ ಹೆಚ್ಚಾಗಿ ರಕ್ತವೇ ಬರುತ್ತದೆ. 2ರಿಂದ 4 ಮಿಲಿಲೀಟರ್ ಎಳೆದು, ಸೂಜಿಯ ಕೋನ ಬದಲಿಸಿ, ಮತ್ತೆ ಎಳೆಯುವುದು ಸರಿಯಾದ ಕ್ರಮ. ಸಿರಿಂಜ್ ತುಂಬಿದ್ದನ್ನು ನೋಡಿ ಕೋಶ ತುಂಬಿದೆ ಎಂದುಕೊಳ್ಳುವ ಹಾಗಿಲ್ಲ.

ಕೊಬ್ಬು ಈ ವಿಷಯದಲ್ಲಿ ಉದಾರಿ. ಹೀರಿ ತೆಗೆದ ಕೊಬ್ಬನ್ನು ಉಪ್ಪುನೀರಿನಲ್ಲಿ ಎರಡು ಮೂರು ಸಲ ತೊಳೆದು, ಶೇ 0.1ರ ಆಸುಪಾಸಿನ ಕೊಲಾಜಿನೇಸ್ ಕಿಣ್ವ ಸೇರಿಸಿ, 37 ಡಿಗ್ರಿಯಲ್ಲಿ 30ರಿಂದ 60 ನಿಮಿಷ ಅಲುಗಾಡಿಸುತ್ತಾರೆ. ಆಮೇಲೆ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿದರೆ ಎಣ್ಣೆ ಮತ್ತು ಕೊಬ್ಬಿನ ಕೋಶಗಳು ಮೇಲೆ ತೇಲಿ, ತಳದಲ್ಲಿ ಕೆಂಪು ಬೆರೆತ ಗಸಿ ಕೂರುತ್ತದೆ. ಅದಕ್ಕೆ ಸ್ಟ್ರೋಮಲ್ ವ್ಯಾಸ್ಕುಲರ್ ಫ್ರ್ಯಾಕ್ಷನ್, ಎಸ್‌ವಿಎಫ್ ಎನ್ನುತ್ತಾರೆ. ‘ಅದೇ ದಿನ’ದ ಚಿಕಿತ್ಸೆಯಲ್ಲಿ ಚುಚ್ಚುವುದು ಈ ಗಸಿಯನ್ನು. ಇದರಲ್ಲಿ ಎಂಎಸ್‌ಸಿಯಾಗಬಲ್ಲ ಕೋಶಗಳು ಕೆಲವು ಶೇಕಡಾ. ಉಳಿದದ್ದು ರಕ್ತನಾಳದ ಒಳಪದರದ ಕೋಶ, ಮ್ಯಾಕ್ರೊಫೇಜ್, ಲಿಂಫೊಸೈಟ್, ಕೆಂಪು ರಕ್ತಕಣ. ಕಿಣ್ವ ಕಡಿಮೆ ಹೊತ್ತು ಕೆಲಸ ಮಾಡಿದರೆ ಗಂಟುಗಂಟಾಗಿ ಉಳಿಯುತ್ತದೆ, ಹೆಚ್ಚು ಹೊತ್ತು ಬಿಟ್ಟರೆ ಕೋಶಗಳ ಮೇಲ್ಮೈಯೇ ಹಾಳಾಗುತ್ತದೆ, ಸರಿಯಾಗಿ ತೊಳೆಯದಿದ್ದರೆ ಉಳಿದ ಕೊಲಾಜಿನೇಸ್ ಮಂಡಿಯೊಳಗೆ ಹೋಗುತ್ತದೆ. ಕೊಲಾಜೆನ್ ಕತ್ತರಿಸುವ ಕಿಣ್ವವನ್ನು ಕೊಲಾಜೆನ್‌ನಿಂದಲೇ ಕಟ್ಟಿದ ಕೀಲಿಗೆ ಯಾರೂ ಬೇಕೆಂದು ಹಾಕುವುದಿಲ್ಲ, ಆದರೆ ತೊಳೆಯುವ ಹಂತದಲ್ಲಿ ಅವಸರ ಮಾಡುವವರಿದ್ದಾರೆ.

ಬೆಳೆಸಿದ ಕೊಬ್ಬಿನ ಎಂಎಸ್‌ಸಿಯನ್ನು ಮಂಡಿಗೆ ಕೊಟ್ಟು ನೋಡಿದ ಒಂದು ಕೊರಿಯನ್ ಅಧ್ಯಯನದಲ್ಲಿ (2014) ಬಳಸಿದ ಪ್ರಮಾಣಗಳು 1 ಕೋಟಿ, 5 ಕೋಟಿ, 10 ಕೋಟಿ. ಹೆಚ್ಚು ಸುಧಾರಣೆ ಕಂಡದ್ದು 10 ಕೋಟಿಯ ಗುಂಪಿನಲ್ಲಿ. ಅದು ಹೋಲಿಕೆಗೆ ಪ್ಲಸೀಬೊ (ಔಷಧವಿಲ್ಲದ ಹುಸಿ ಚಿಕಿತ್ಸೆ) ಇಲ್ಲದ ಸಣ್ಣ ಅಧ್ಯಯನ, ಆದ್ದರಿಂದ ಫಲಿತಾಂಶವನ್ನು ತುಂಬ ದೂರ ಎಳೆಯಬಾರದು. ಇಲ್ಲಿ ನಾನು ತೋರಿಸುತ್ತಿರುವುದು ಅಂಕಿಯ ಗಾತ್ರ ಮಾತ್ರ. ಒಂದು ಕಡೆ ಎಣಿಸಿ ಕೊಟ್ಟ 10 ಕೋಟಿ, ಇನ್ನೊಂದು ಕಡೆ ಎಣಿಸದೆ ಕೊಟ್ಟ ಬೆರಕೆ. ಎರಡಕ್ಕೂ ‘ಸ್ಟೆಮ್ ಸೆಲ್ ಇಂಜೆಕ್ಷನ್’ ಎಂದೇ ಹೆಸರು.

ಬೆಳೆಸುವುದೆಂದರೆ ಏನು

ಐದು ಸಾವಿರ ಕೋಶಗಳಿಂದ ಐದು ಕೋಟಿ ಮಾಡಬೇಕೆಂದರೆ ಹತ್ತು ಸಾವಿರ ಪಟ್ಟು, ಅಂದರೆ ಹದಿಮೂರು ಹದಿನಾಲ್ಕು ಸಲ ದುಪ್ಪಟ್ಟಾಗಬೇಕು. ಒಂದು ದುಪ್ಪಟ್ಟಿಗೆ ಒಂದೂವರೆಯಿಂದ ಎರಡು ದಿನ ಹಿಡಿಯಿರಿ. ಮೊದಲು ಅಂಟಿಕೊಳ್ಳಲು ತೆಗೆದುಕೊಳ್ಳುವ ಸಮಯ ಬೇರೆ. ಮೂರರಿಂದ ನಾಲ್ಕು ವಾರಕ್ಕಿಂತ ಮೊದಲು ಇದು ಆಗುವ ಕೆಲಸವಲ್ಲ. ‘ಬೆಳೆಸಿದ ಕೋಶ, ಸಂಜೆಗೆ ರೆಡಿ’ ಎಂದು ಯಾರಾದರೂ ಹೇಳಿದರೆ ಎರಡರಲ್ಲಿ ಒಂದು ಸುಳ್ಳು.

ಮಜ್ಜೆಯಾದರೆ ಹೆಪಾರಿನ್ ಬೆರೆಸಿ ತಂದು, 1.077 ಸಾಂದ್ರತೆಯ ಫೈಕಾಲ್ ದ್ರಾವಣದ ಮೇಲೆ ನಿಧಾನವಾಗಿ ಹರಿಸಿ, ಗುರುತ್ವದ 400 ಪಟ್ಟು ಬಲದಲ್ಲಿ ಅರ್ಧ ಗಂಟೆ ತಿರುಗಿಸುತ್ತಾರೆ, ಬ್ರೇಕ್ ಆಫ್ ಮಾಡಿ. ಬ್ರೇಕ್ ಹಾಕಿ ನಿಲ್ಲಿಸಿದರೆ ಪದರಗಳು ಕಲಕಿ, ನಡುವಿನ ಬಿಳಿ ಉಂಗುರವೇ ಮಾಯವಾಗುತ್ತದೆ. ಹೊಸಬರು ಮಾಡುವ ಮೊದಲ ತಪ್ಪು ಇದು. ಆ ಉಂಗುರವನ್ನು ಎತ್ತಿ, ತೊಳೆದು, ಫ್ಲಾಸ್ಕ್‌ನಲ್ಲಿ ಹರಡಿ, 37 ಡಿಗ್ರಿ ಮತ್ತು ಶೇ 5 ಇಂಗಾಲದ ಡೈಆಕ್ಸೈಡ್‌ನಲ್ಲಿ ಇಡುತ್ತಾರೆ. ಎರಡು ಮೂರು ದಿನ ಮುಟ್ಟಬಾರದು. ಅಷ್ಟು ಹೊತ್ತಿಗೆ ಅಂಟುವಂಥವು ಅಂಟಿರುತ್ತವೆ, ಉಳಿದದ್ದನ್ನು ದ್ರವ ಬದಲಿಸುವಾಗ ತೊಳೆದುಹಾಕಬಹುದು.

ಪೋಷಕ ದ್ರವದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ರೋಗಿಗೆ ತಾಗುವುದು ಅದೇ. ಬಹುಕಾಲ ಶೇ 10 ಫೀಟಲ್ ಬೊವೈನ್ ಸೀರಂ, ಅಂದರೆ ಹಸುವಿನ ಭ್ರೂಣದ ಸೀರಂ ಬಳಸುತ್ತಿದ್ದರು. ಅದರ ಪ್ರೋಟೀನ್ ಕೋಶಕ್ಕೆ ಅಂಟಿಕೊಂಡು ಬರುತ್ತದೆ. ಕೆಲವು ರೋಗಿಗಳಲ್ಲಿ ಅದರ ವಿರುದ್ಧ ಪ್ರತಿಕಾಯ ಕಂಡಿದೆ. ಪ್ರಾಣಿಯಿಂದ ಬರಬಹುದಾದ ಸೋಂಕಿನ ಭಯ ಬೇರೆ. ಈಗ ಹಲವೆಡೆ ಶೇ 5ರಿಂದ 10 ಮಾನವ ಪ್ಲೇಟ್‌ಲೆಟ್ ಲೈಸೇಟ್ (ಪ್ಲೇಟ್‌ಲೆಟ್ ಒಡೆದು ತೆಗೆದ ರಸ) ಬಳಸುತ್ತಾರೆ. ಕೋಶ ವೇಗವಾಗಿ ಬೆಳೆಯುತ್ತದೆ, ಆದರೆ ಅದರಲ್ಲಿ ಹೆಪ್ಪುಗಟ್ಟಿಸುವ ಫೈಬ್ರಿನೋಜೆನ್ ಇರುವುದರಿಂದ ಮಿಲಿಲೀಟರಿಗೆ 2 ಯೂನಿಟ್‌ನಷ್ಟು ಹೆಪಾರಿನ್ ಹಾಕಲು ಮರೆತರೆ ರಾತ್ರಿ ಕಳೆಯುವಷ್ಟರಲ್ಲಿ ಫ್ಲಾಸ್ಕ್‌ನ ದ್ರವ ಜೆಲ್ಲಿಯಾಗಿ ಕೂತಿರುತ್ತದೆ. ಸೀರಂ ಆಗಲಿ ಲೈಸೇಟ್ ಆಗಲಿ, ಒಂದು ಲಾಟ್‌ನಿಂದ ಇನ್ನೊಂದಕ್ಕೆ ಗುಣ ಬದಲಾಗುತ್ತದೆ. ಒಳ್ಳೆಯ ಲ್ಯಾಬ್ ಮೊದಲು ಪರೀಕ್ಷಿಸಿ, ಒಪ್ಪಿದ ಲಾಟ್‌ ಅನ್ನೇ ಒಟ್ಟಿಗೆ ಕೊಂಡಿಟ್ಟುಕೊಳ್ಳುತ್ತದೆ.

ತಳದ ಶೇ 70–80 ತುಂಬಿದಾಗ ಟ್ರಿಪ್ಸಿನ್ ಕಿಣ್ವ ಹಾಕಿ ಮೂರರಿಂದ ಐದು ನಿಮಿಷದಲ್ಲಿ ಬಿಡಿಸಿ, ಚದರ ಸೆಂಟಿಮೀಟರಿಗೆ 3,000ದಿಂದ 5,000ದಂತೆ ಹೊಸ ಫ್ಲಾಸ್ಕ್‌ಗೆ ಹಾಕುತ್ತಾರೆ. ಇದಕ್ಕೆ ಒಂದು ಪ್ಯಾಸೇಜ್ ಎನ್ನುತ್ತಾರೆ. ಪೂರ್ತಿ ಒತ್ತೊತ್ತಾಗಿ ತುಂಬಲು ಬಿಟ್ಟರೆ ಕೋಶಗಳು ಹಾಳೆಯಂತೆ ಎದ್ದುಬರುತ್ತವೆ, ಕೆಲವು ತಾವಾಗಿಯೇ ಬೇರೆ ರೂಪಕ್ಕೆ ಹೊರಳುತ್ತವೆ. ಚಿಕಿತ್ಸೆಗಾದರೆ ನಾಲ್ಕೈದು ಪ್ಯಾಸೇಜ್‌ಗೆ ನಿಲ್ಲಿಸುವುದು ವಾಡಿಕೆ. ಅದನ್ನು ಮೀರಿ ಎಳೆದರೆ ಮೈಕ್ರೊಸ್ಕೋಪ್‌ನಲ್ಲಿ ನೋಡಿದೊಡನೆ ತಿಳಿಯುತ್ತದೆ: ಸಣಕಲಾಗಿ, ಮೀನಿನ ಹಿಂಡಿನಂತೆ ಒಂದೇ ದಿಕ್ಕಿಗೆ ಸಾಲುಗಟ್ಟಿದ್ದ ಕೋಶಗಳು ಹುರಿದ ಮೊಟ್ಟೆಯಂತೆ ಚಪ್ಪಟೆಯಾಗಿ ಹರಡಿಕೊಳ್ಳುತ್ತವೆ, ಒಳಗೆಲ್ಲ ಕಣಕಣ. ಅವು ಮುಪ್ಪಾದ ಕೋಶಗಳು. ಸತ್ತಿಲ್ಲ, ಆದರೆ ಈಗ ಅವು ಸ್ರವಿಸುವುದು ಉರಿಯೂತ ಹೆಚ್ಚಿಸುವ ವಸ್ತುಗಳನ್ನು. ಜೀವಂತ ಕೋಶಗಳ ಶೇಕಡಾವಾರು ಲೆಕ್ಕದಲ್ಲಿ ಇವೂ ಪಾಸಾಗುತ್ತವೆ ಎಂಬುದೇ ಅಪಾಯ.

ಇದಕ್ಕಿಂತ ಕಳ್ಳ ಶತ್ರು ಮೈಕೊಪ್ಲಾಸ್ಮಾ ಎಂಬ ಅತಿಚಿಕ್ಕ ಬ್ಯಾಕ್ಟೀರಿಯಾ. ಸಾಮಾನ್ಯ ಬ್ಯಾಕ್ಟೀರಿಯಾ ಸೇರಿದರೆ ದ್ರವ ಕದಡುತ್ತದೆ, ಬಣ್ಣ ಹಳದಿಗೆ ತಿರುಗುತ್ತದೆ, ಯಾರ ಕಣ್ಣಿಗಾದರೂ ಬೀಳುತ್ತದೆ. ಮೈಕೊಪ್ಲಾಸ್ಮಾ ಸೇರಿದರೆ ದ್ರವ ತಿಳಿಯಾಗಿಯೇ ಇರುತ್ತದೆ. ಅದಕ್ಕೆ ಕೋಶಭಿತ್ತಿ ಇಲ್ಲದ್ದರಿಂದ ಪೆನಿಸಿಲಿನ್ ನಾಟುವುದಿಲ್ಲ, 0.2 ಮೈಕ್ರಾನ್ ಫಿಲ್ಟರ್‌ನಿಂದಲೂ ನುಸುಳುತ್ತದೆ. ಬೆಳವಣಿಗೆ ಯಾಕೋ ನಿಧಾನವಾಯಿತು ಎಂಬುದಷ್ಟೇ ಸುಳಿವು. ಪಿಸಿಆರ್ ಪರೀಕ್ಷೆ ಮಾಡದೆ ಬಿಡುಗಡೆ ಮಾಡಿದ ಬ್ಯಾಚನ್ನು ಒಪ್ಪಲೇಬಾರದು.

ಬೆಳೆದ ಕೋಶಗಳನ್ನು ಸಾಮಾನ್ಯವಾಗಿ ಶೇ 10ರವರೆಗಿನ ಡಿಎಂಎಸ್‌ಒ ಎಂಬ ಹಿಮರಕ್ಷಕ ದ್ರವದಲ್ಲಿ ನಿಮಿಷಕ್ಕೆ 1 ಡಿಗ್ರಿಯಂತೆ ತಣಿಸಿ, ದ್ರವ ಸಾರಜನಕದ ಆವಿಯಲ್ಲಿ ಇಡುತ್ತಾರೆ. ಕರಗಿಸುವಾಗ ಉಲ್ಟಾ, ಅವಸರವೇ ನಿಯಮ: 37 ಡಿಗ್ರಿ ನೀರಿನಲ್ಲಿ ಅಲ್ಲಾಡಿಸಿ, ಕೊನೆಯ ಚೂರು ಹರಳು ಉಳಿದಿರುವಾಗಲೇ ಹೊರತೆಗೆದು, ಹನಿಹನಿಯಾಗಿ ದ್ರಾವಣ ಸೇರಿಸಬೇಕು. ಬರೀ ಸಲೈನ್‌ಗೆ ಹಾಕಿದರೆ ಕೋಶಗಳು ಕೊಳವೆಯ ಗೋಡೆಗೆ ಅಂಟುತ್ತವೆ, ಬಹಳಷ್ಟು ಸಾಯುತ್ತವೆ. ಆದ್ದರಿಂದ ಮಾನವ ಆಲ್ಬುಮಿನ್ ಬೆರೆಸಿಕೊಳ್ಳುತ್ತಾರೆ. ಕರಗಿಸಿದ ತಕ್ಷಣ ಎಣಿಸಿದರೆ ಶೇ 90 ಜೀವಂತ ಎಂದು ಬರಬಹುದು, ಕೆಲವು ಗಂಟೆ ಬಿಟ್ಟು ಎಣಿಸಿದರೆ ಅದು ಇಳಿದಿರುತ್ತದೆ. ಸಾಮಾನ್ಯ ಅಂಗೀಕಾರ ಮಟ್ಟ ಶೇ 70, ಅದೂ ರೋಗಿಗೆ ಕೊಡುವ ಹೊತ್ತಿಗೆ. ಇನ್ನೊಂದು ಚಿಕ್ಕ ಸಂಗತಿ: ಈ ಕೋಶಗಳು ಭಾರ, ಸಿರಿಂಜ್‌ನಲ್ಲಿ ಕೆಲವೇ ನಿಮಿಷಗಳಲ್ಲಿ ತಳಕ್ಕೆ ಇಳಿಯುತ್ತವೆ. ಮೆಲ್ಲಗೆ ಮಗುಚದೆ ಚುಚ್ಚಿದರೆ ಕೋಶಗಳ ಒಂದು ಪಾಲು ಸಿರಿಂಜ್ ಜೊತೆ ಕಸದ ಡಬ್ಬಿಗೆ ಹೋಗುತ್ತದೆ.

ಹೊಕ್ಕುಳಬಳ್ಳಿಯ ಮಾತು

ಬಳ್ಳಿಯ ನಡುವಿನ ವಾರ್ಟನ್ ಜೆಲ್ಲಿಯನ್ನು ಎರಡು ಮೂರು ಮಿಲಿಮೀಟರ್ ಚೂರು ಮಾಡಿ ಪಾತ್ರೆಗೆ ಅಂಟಿಸಿಟ್ಟರೆ ಹತ್ತು ಹದಿನಾಲ್ಕು ದಿನಗಳಲ್ಲಿ ಕೋಶಗಳು ಹೊರಗೆ ತೆವಳಿಬರುತ್ತವೆ. ಎಳೆಯ ಕೋಶ, ಚೆನ್ನಾಗಿ ದುಪ್ಪಟ್ಟಾಗುತ್ತದೆ, ಒಂದು ಬಳ್ಳಿಯಿಂದ ಅನೇಕ ಡೋಸ್ ತಯಾರಿಸಬಹುದು. ತಾಯಿಯ ವಯಸ್ಸಿನ ಕೋಶಕ್ಕಿಂತ ಇದು ಲ್ಯಾಬ್‌ನಲ್ಲಿ ಚುರುಕು ಎಂಬುದು ಸರಿ. ಬೇರೆಯವರ ಕೋಶವಾದರೂ ನಡೆಯುತ್ತದೆ, ಏಕೆಂದರೆ ಮೇಲ್ಮೈಯಲ್ಲಿ ಎಚ್‌ಎಲ್‌ಎ ವರ್ಗ 2 ಇರುವುದಿಲ್ಲ, ವರ್ಗ 1 ಕಡಿಮೆ. ಹಾಗೆಂದು ದೇಹ ಗುರುತಿಸುವುದೇ ಇಲ್ಲ ಎಂದಲ್ಲ. ತಡವಾಗಿ ಗುರುತಿಸುತ್ತದೆ, ಅಷ್ಟೆ. ಚುರುಕು ಕೋಶ ಎಂದರೆ ಗುಣವಾಗುವ ಮಂಡಿ ಎಂದೂ ಅಲ್ಲ, ಕೆಳಗೆ ನೋಡಿ.

ಬಳ್ಳಿಯ ಹೆಸರಿನಲ್ಲಿ ಮಾರುವುದೆಲ್ಲ ಬೆಳೆಸಿದ ಎಂಎಸ್‌ಸಿ ಆಗಿರುವುದೂ ಇಲ್ಲ. ಬಳ್ಳಿಯ ರಕ್ತ, ಬಳ್ಳಿಯ ಅಂಗಾಂಶ, ಗರ್ಭದ್ರವ, ಇವು ಬೇರೆ ಬೇರೆ ವಸ್ತು. ಸಂಸ್ಕರಿಸಿ ಶೀಶೆಯಲ್ಲಿ ಬರುವ ಇಂಥ ಕೆಲವು ಉತ್ಪನ್ನಗಳನ್ನು ಸ್ವತಂತ್ರವಾಗಿ ಪರೀಕ್ಷಿಸಿದಾಗ ಜೀವಂತ ಎಂಎಸ್‌ಸಿ ಸಿಗಲೇ ಇಲ್ಲ. ‘ಎಕ್ಸೊಸೋಮ್’ ಎಂದು ಮಾರುವುದು ಕೋಶ ಬಿಡುವ ಸುಮಾರು 30–150 ನ್ಯಾನೊಮೀಟರ್ ಗುಳ್ಳೆಗಳನ್ನು; ಸಂಶೋಧನೆಯಾಗಿ ಆಸಕ್ತಿಯ ವಿಷಯ, ಚಿಕಿತ್ಸೆಯಾಗಿ ಇನ್ನೂ ಕಚ್ಚಾ.

ಎಲ್ಲಿ ಗೆದ್ದಿದೆ, ಎಲ್ಲಿ ಸೋತಿದೆ

ಗೆದ್ದದ್ದು ಗ್ರಾಫ್ಟ್-ವರ್ಸಸ್-ಹೋಸ್ಟ್ ಕಾಯಿಲೆಯಲ್ಲಿ. ಮೂಳೆಮಜ್ಜೆ ಕಸಿಯ ನಂತರ ದಾನಿಯ ಕೋಶಗಳು ರೋಗಿಯ ಕರುಳು, ಯಕೃತ್ತು, ಚರ್ಮದ ಮೇಲೆ ಎರಗುವ ಸ್ಥಿತಿ ಅದು. ಸ್ಟಿರಾಯ್ಡ್‌ಗೂ ಬಗ್ಗದಿದ್ದರೆ ಜೀವಕ್ಕೇ ಕುತ್ತು. 2004ರಲ್ಲಿ ಸ್ವೀಡನ್‌ನ ಕತಾರಿನಾ ಲೆಬ್ಲಾಂಕ್ ತಂಡ ಹೀಗೆ ಕೈಮೀರಿದ್ದ 9 ವರ್ಷದ ಹುಡುಗನಿಗೆ ಅವನ ತಾಯಿಯ ಎಂಎಸ್‌ಸಿ ಕೊಟ್ಟು ಚೇತರಿಕೆ ಕಂಡದ್ದನ್ನು ವರದಿ ಮಾಡಿತು. ಅಲ್ಲಿಂದ ಅಮೆರಿಕದ ಅನುಮೋದನೆಗೆ ಇಪ್ಪತ್ತು ವರ್ಷ ಬೇಕಾಯಿತು. ಜಪಾನ್‌ನಲ್ಲಿ 2015ರಲ್ಲಿ ಟೆಮ್‌ಸೆಲ್ ಎಂಬ ಎಂಎಸ್‌ಸಿ ಉತ್ಪನ್ನ ಬಂತು. ಅಮೆರಿಕದ ಔಷಧ ನಿಯಂತ್ರಕ ಸಂಸ್ಥೆ ಎಫ್‌ಡಿಎ ಎರಡು ಸಲ ಹಿಂದಕ್ಕೆ ಕಳಿಸಿ, 2024ರ ಡಿಸೆಂಬರ್‌ನಲ್ಲಿ ರಯಾನ್‌ಸಿಲ್ ಎಂಬ ಮಜ್ಜೆಯ ಎಂಎಸ್‌ಸಿ ಉತ್ಪನ್ನಕ್ಕೆ ಮಕ್ಕಳಿಗಾಗಿ ಒಪ್ಪಿಗೆ ಕೊಟ್ಟಿತು. ಅದಕ್ಕೆ ಆಧಾರವಾದ 54 ಮಕ್ಕಳ ಪ್ರಯೋಗದಲ್ಲಿ 28ನೇ ದಿನಕ್ಕೆ ಸುಮಾರು ಶೇ 70 ಮಕ್ಕಳು ಸ್ಪಂದಿಸಿದ್ದರು. ಡೋಸ್ ಕಿಲೋ ತೂಕಕ್ಕೆ 20 ಲಕ್ಷ ಕೋಶ, ವಾರಕ್ಕೆ ಎರಡು ಸಲ, ನಾಲ್ಕು ವಾರ. 20 ಕಿಲೋದ ಮಗುವಿಗೆ ಒಟ್ಟು 32 ಕೋಟಿ ಕೋಶ. ಉರಿಯೂತ ಉತ್ತುಂಗದಲ್ಲಿರುವ ಕಾಯಿಲೆ, ಎಣಿಸಿದ ಡೋಸ್, ಮತ್ತೆ ಮತ್ತೆ ಕೊಡುವ ಕ್ರಮ: ಈ ಕೋಶದ ಸ್ವಭಾವಕ್ಕೆ ಹೊಂದುವ ಬಳಕೆ ಇದು. ಹೊಸ ಅಂಗಾಂಶ ಬೆಳೆಸುವ ಮಾತು ಇಲ್ಲಿ ಎಲ್ಲೂ ಇಲ್ಲ ಎಂಬುದನ್ನು ಗಮನಿಸಿ.

ಸೋಲಿನಿಂದ ಕಲಿಯಬೇಕಾದ್ದು ಇನ್ನೂ ಹೆಚ್ಚು. ಕರುಳಿನ ಉರಿಯೂತವಾದ ಕ್ರೋನ್ಸ್ ಕಾಯಿಲೆಯಲ್ಲಿ ಗುದದ ಸುತ್ತ ಆಗುವ ಫಿಸ್ಟುಲಾಗೆ (ಸುರಂಗದಂಥ ಹುಣ್ಣಿಗೆ) ಕೊಬ್ಬಿನ ಎಂಎಸ್‌ಸಿ 12 ಕೋಟಿ ಚುಚ್ಚುವ ಆಲೊಫಿಸೆಲ್ ಎಂಬ ಉತ್ಪನ್ನಕ್ಕೆ ಯೂರೋಪ್ 2018ರಲ್ಲಿ ಒಪ್ಪಿಗೆ ಕೊಟ್ಟಿತ್ತು. ಮೊದಲ ಪ್ರಯೋಗದಲ್ಲಿ 24 ವಾರಕ್ಕೆ ಗುಣ ಕಂಡವರು ಸುಮಾರು ಶೇ 50, ಪ್ಲಸೀಬೊ ಗುಂಪಿನಲ್ಲಿ ಶೇ 34. ಎರಡನೇ, ದೊಡ್ಡ ಪ್ರಯೋಗದಲ್ಲಿ ಕೋಶ ಪಡೆದವರಲ್ಲಿ ಶೇ 49ರ ಹತ್ತಿರ, ಪ್ಲಸೀಬೊದಲ್ಲಿ ಶೇ 46. ಕೋಶ ಕೆಟ್ಟಿರಲಿಲ್ಲ, ಅದು ಹಿಂದಿನಷ್ಟೇ ಫಲ ಕೊಟ್ಟಿತ್ತು. ಪ್ಲಸೀಬೊ ಗುಂಪು ಮೇಲೆದ್ದು ಬಂದಿತ್ತು. ಎರಡೂ ಗುಂಪಿಗೆ ಮೊದಲು ಫಿಸ್ಟುಲಾವನ್ನು ಕೆರೆದು ಸ್ವಚ್ಛ ಮಾಡಿ, ಒಳಬಾಯಿಗೆ ಹೊಲಿಗೆ ಹಾಕುತ್ತಾರೆ. ಆ ಕೆಲಸದ ಪಾಲು ಎಷ್ಟು, ಕೋಶದ ಪಾಲು ಎಷ್ಟು ಎಂದು ಹೋಲಿಕೆ ಗುಂಪಿಲ್ಲದೆ ಯಾರಿಗೂ ತಿಳಿಯುತ್ತಿರಲಿಲ್ಲ. 2024ರಲ್ಲಿ ಉತ್ಪನ್ನ ಯೂರೋಪ್ ಮಾರುಕಟ್ಟೆಯಿಂದ ಹಿಂದೆ ಸರಿಯಿತು.

ಮಂಡಿಯಲ್ಲೂ ಇದೇ ಪಾಠ. ಬರೀ ಸಲೈನ್ ಚುಚ್ಚಿದರೂ ಮಂಡಿನೋವು ತಿಂಗಳುಗಟ್ಟಲೆ ಇಳಿಯುವುದು ಅನೇಕ ಪ್ರಯೋಗಗಳಲ್ಲಿ ಕಂಡಿದೆ. ‘ನಮ್ಮ ನೂರು ರೋಗಿಗಳಲ್ಲಿ ಎಂಬತ್ತು ಮಂದಿಗೆ ನೋವು ಕಡಿಮೆ’ ಎಂಬ ಮಾತು ಪೂರ್ತಿ ನಿಜವಾಗಿದ್ದರೂ ಏನನ್ನೂ ಸಾಬೀತು ಮಾಡುವುದಿಲ್ಲ. 2023ರಲ್ಲಿ ಅಮೆರಿಕದಿಂದ ಒಂದು ದೊಡ್ಡ ಪ್ರಯೋಗದ ಫಲಿತಾಂಶ ಬಂತು. ನಿಮ್ಮ ಪ್ರಶ್ನೆಯಲ್ಲಿರುವ ಎರಡೂ ಆಯ್ಕೆ ಅದರಲ್ಲಿದ್ದವು: ಕೊಬ್ಬಿನ ಎಸ್‌ವಿಎಫ್, ಹೊಕ್ಕುಳಬಳ್ಳಿ ಅಂಗಾಂಶದ ಎಂಎಸ್‌ಸಿ, ಜೊತೆಗೆ ಮಜ್ಜೆಯ ಸಾಂದ್ರಣ. ಮೂರನ್ನೂ ಮಂಡಿಗೆ ಕೊಡುವ ಸಾಮಾನ್ಯ ಸ್ಟಿರಾಯ್ಡ್ ಇಂಜೆಕ್ಷನ್ ಜೊತೆ ಹೋಲಿಸಿದರು. 475 ಮಂದಿಯ ಲೆಕ್ಕದಲ್ಲಿ, ಒಂದು ವರ್ಷದ ನಂತರ ನೋವಿನಲ್ಲಿ ಮೂರರಲ್ಲಿ ಯಾವುದೂ ಸ್ಟಿರಾಯ್ಡ್‌ಗಿಂತ ಮೇಲಾಗಲಿಲ್ಲ. ಎಂಆರ್‌ಐಯಲ್ಲೂ ಮೇಲುಗೈ ಕಾಣಲಿಲ್ಲ.

ಇದಕ್ಕೆ ಹೊರತಾದ ಎರಡು ಚಿಕಿತ್ಸೆಗಳನ್ನು ಬೇರೆ ಇಡಬೇಕು, ಜನ ಇವನ್ನೂ ಇದರಲ್ಲೇ ಸೇರಿಸುತ್ತಾರೆ. ಕೊರಿಯಾದಲ್ಲಿ 2012ರಲ್ಲಿ ಒಪ್ಪಿಗೆ ಪಡೆದ ಕಾರ್ಟಿಸ್ಟೆಮ್, ಬಳ್ಳಿರಕ್ತದ ಎಂಎಸ್‌ಸಿಯನ್ನು ಹಯಲುರೊನೇಟ್ ಜೆಲ್‌ನಲ್ಲಿ ಬೆರೆಸಿ, ಶಸ್ತ್ರಚಿಕಿತ್ಸೆಯಲ್ಲಿ ಮೂಳೆಗೆ ಸಣ್ಣ ಗುಳಿ ಕೊರೆದು ತುಂಬುವ ವಿಧಾನ. ಚುಚ್ಚುಮದ್ದಲ್ಲ. ಇನ್ನೊಂದು, ರೋಗಿಯದೇ ಕಾರ್ಟಿಲೇಜ್ ಕೋಶ ಬೆಳೆಸಿ ಕೂರಿಸುವ ಚಿಕಿತ್ಸೆ; ಅದು ಎಂಎಸ್‌ಸಿಯೇ ಅಲ್ಲ, ಪೆಟ್ಟು ಬಿದ್ದು ಒಂದು ಜಾಗದಲ್ಲಿ ಮಾತ್ರ ಕಿತ್ತುಹೋದ ಕಾರ್ಟಿಲೇಜ್‌ಗೆ, ಹೆಚ್ಚಾಗಿ ಕಿರಿಯರಿಗೆ. ಇಡೀ ಕೀಲು ಸವೆದವರಿಗಲ್ಲ.

ಹಾನಿ

ನಿಯಮದಂತೆ ತಯಾರಾದ ಎಂಎಸ್‌ಸಿಯ ಸುರಕ್ಷತೆ ಒಟ್ಟಾರೆ ಚೆನ್ನಾಗಿದೆ. ಕೊಟ್ಟ ದಿನ ಜ್ವರ, ಮಂಡಿಯಾದರೆ ಕೆಲ ದಿನ ಊತ ಮತ್ತು ನೋವು ಸಾಮಾನ್ಯ. ಅನಾಹುತಗಳು ಆಗಿರುವುದು ಹೆಚ್ಚಾಗಿ ತಯಾರಿಕೆ ಮತ್ತು ಬಳಕೆಯ ಜಾಗದ ತಪ್ಪಿನಿಂದ. 2017ರಲ್ಲಿ ವರದಿಯಾದ ಪ್ರಕರಣದಲ್ಲಿ, ಫ್ಲಾರಿಡಾದ ಒಂದು ಕ್ಲಿನಿಕ್‌ನಲ್ಲಿ ಕೊಬ್ಬಿನ ಕೋಶಗಳನ್ನು ಎರಡೂ ಕಣ್ಣಿಗೆ ಚುಚ್ಚಿಸಿಕೊಂಡ ಮೂವರು ಮಹಿಳೆಯರ ದೃಷ್ಟಿ ತೀವ್ರವಾಗಿ ಹೋಯಿತು. 2018ರಲ್ಲಿ ಬಳ್ಳಿರಕ್ತದ ಉತ್ಪನ್ನ ಚುಚ್ಚಿಸಿಕೊಂಡ 12 ಮಂದಿ ಬ್ಯಾಕ್ಟೀರಿಯಾ ಸೋಂಕಿನಿಂದ ಆಸ್ಪತ್ರೆ ಸೇರಿದರು. ತೆರೆಯದ ಶೀಶೆಗಳಲ್ಲೇ ಬ್ಯಾಕ್ಟೀರಿಯಾ ಇತ್ತು. ರಕ್ತನಾಳಕ್ಕೆ ಕೊಡುವಾಗ ಇನ್ನೊಂದು ಅಪಾಯವಿದೆ: ಈ ಕೋಶಗಳ ಮೇಲಿನ ಟಿಶ್ಯೂ ಫ್ಯಾಕ್ಟರ್ ರಕ್ತ ಹೆಪ್ಪುಗಟ್ಟಿಸುತ್ತದೆ. ಮಜ್ಜೆಯವಕ್ಕಿಂತ ಕೊಬ್ಬಿನ ಕೋಶಗಳಲ್ಲಿ ಇದು ಹೆಚ್ಚು. ಮಂಡಿಗೆಂದು ಹೋದವರಿಗೆ ‘ಹೇಗೂ ಕೋಶ ಉಳಿದಿದೆ, ಡ್ರಿಪ್‌ನಲ್ಲೂ ಸ್ವಲ್ಪ ಕೊಡುತ್ತೇವೆ’ ಎಂದರೆ ಒಪ್ಪಬೇಡಿ.

ನಿಮ್ಮ ತಾಯಿಯ ವಿಷಯ

ಮೂರನೇ ಹಂತ ಎಂದರೆ ಸವೆದಿರುವುದು ಕಾರ್ಟಿಲೇಜ್ ಒಂದೇ ಅಲ್ಲ. ಅದರಡಿಯ ಮೂಳೆ ಗಡುಸಾಗಿದೆ, ಅಂಚಿನಲ್ಲಿ ಮುಳ್ಳು ಬಂದಿದೆ, ಒಳಪೊರೆಯಲ್ಲಿ ಉರಿಯೂತವಿದೆ, ಮೂಳೆಗಳ ನಡುವಿನ ಮೆತ್ತೆಯಾದ ಮಿನಿಸ್ಕಸ್ ಕೂಡ ಹರಿದಿರುವ ಸಂಭವ ಹೆಚ್ಚು. ಕಾಲು ಒಳಕ್ಕೆ ಬಾಗಿದ್ದರೆ ಅದೇ ಬದಿಗೆ ಭಾರ ಬೀಳುತ್ತಲೇ ಇರುತ್ತದೆ. ಯಾವ ಕೋಶವೂ ಕಾಲಿನ ನೇರವನ್ನು ಸರಿಮಾಡುವುದಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಇವತ್ತಿನ ಪುರಾವೆ ಇಟ್ಟುಕೊಂಡು ಹಣ ಕೊಟ್ಟು ಈ ಚುಚ್ಚುಮದ್ದು ತೆಗೆದುಕೊಳ್ಳಲು ನಾನು ಹೇಳುವುದಿಲ್ಲ. ತೊಡೆಯ ಸ್ನಾಯುಗಳಿಗೆ ಫಿಸಿಯೋಥೆರಪಿಸ್ಟ್ ಕಲಿಸಿದ ವ್ಯಾಯಾಮ ಕನಿಷ್ಠ ಮೂರು ತಿಂಗಳು, ತೂಕ ಹೆಚ್ಚಿದ್ದರೆ ಇಳಿಸುವುದು, ಅದೂ ಸಾಲದಾಗಿ ರಾತ್ರಿ ನಿದ್ದೆಗೆಡಿಸುವಷ್ಟು ನೋವಿದ್ದರೆ ಕೀಲುಬದಲಿ ತಜ್ಞರ ಸಲಹೆ. ಇದರಲ್ಲಿ ಹೊಸತೇನೂ ಇಲ್ಲ, ಆದರೆ ಹೋಲಿಕೆ ಗುಂಪಿಟ್ಟು ಪರೀಕ್ಷಿಸಿ ಗೆದ್ದ ದಾರಿ ಇದೇ. ನೋಂದಾಯಿತ ಕ್ಲಿನಿಕಲ್ ಟ್ರಯಲ್‌ಗೆ ಸೇರುವ ಅವಕಾಶ ಸಿಕ್ಕರೆ ಅದು ಬೇರೆ ಮಾತು, ಅಲ್ಲಿ ನಿಗಾ ಇರುತ್ತದೆ. ಟ್ರಯಲ್ ಎಂದು ಹೇಳಿ ಚಿಕಿತ್ಸೆಯ ಪೂರ್ತಿ ಬಿಲ್ ನಿಮ್ಮ ಕೈಗೇ ಕೊಟ್ಟರೆ ಎದ್ದು ಬನ್ನಿ.

ಆದರೂ ಮನೆಯಲ್ಲಿ ಮಾಡಿಸೋಣ ಎಂದೇ ತೀರ್ಮಾನವಾದರೆ, ಮುಂಗಡ ಕೊಡುವ ಮೊದಲು ಉತ್ತರಗಳನ್ನು ಬರವಣಿಗೆಯಲ್ಲಿ ಪಡೆಯಿರಿ. ಚುಚ್ಚುವುದು ಎಸ್‌ವಿಎಫ್ ಅಥವಾ ಬೆಳೆಸಿದ ಕೋಶವೇ? ಈ ಕಾಯಿಲೆಗೇ ಔಷಧ ನಿಯಂತ್ರಕರ ಒಪ್ಪಿಗೆ ಇದೆಯೇ, ಇದ್ದರೆ ಸಂಖ್ಯೆ ಏನು? ಬೇರೆ ಕಾಯಿಲೆಗೆ ಸಿಕ್ಕ ಒಪ್ಪಿಗೆ ಮಂಡಿಗೆ ಆಗಿಬರುವುದಿಲ್ಲ. ಕೊಡುವ ದಿನದ ಕೋಶಗಳ ಸಂಖ್ಯೆ, ಜೀವಂತ ಶೇಕಡಾ, ಎಷ್ಟನೇ ಪ್ಯಾಸೇಜ್? ಸ್ಟೆರಿಲಿಟಿ (ಸೂಕ್ಷ್ಮಾಣು ಇಲ್ಲದಿರುವುದು), ಎಂಡೊಟಾಕ್ಸಿನ್ (ಬ್ಯಾಕ್ಟೀರಿಯಾದ ವಿಷ), ಮೈಕೊಪ್ಲಾಸ್ಮಾ ವರದಿ ನಮ್ಮ ಬ್ಯಾಚಿನದೇ? ಸ್ಟೆರಿಲಿಟಿ ಪರೀಕ್ಷೆ ಪೂರ್ತಿಯಾಗಲು 14 ದಿನ ಬೇಕು, ಆದ್ದರಿಂದ ‘ಅದೇ ದಿನ’ದ ಗಸಿಗೆ ಈ ವರದಿ ಚುಚ್ಚುವ ಮೊದಲು ಇರಲು ಸಾಧ್ಯವೇ ಇಲ್ಲ. ಇದೊಂದೇ ಪ್ರಶ್ನೆಗೆ ಅವರು ಕೊಡುವ ಉತ್ತರದಿಂದ ಎದುರಿನವರು ಎಷ್ಟು ನೇರ ಎಂದು ತಿಳಿಯುತ್ತದೆ. ಬೇರೆಯವರ ಕೋಶವಾದರೆ ದಾನಿಗೆ ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್ ಪರೀಕ್ಷೆ ಆಗಿದೆಯೇ? ಕೊನೆಯದಾಗಿ, ಕೋಶದ ಜೊತೆಗೆ ಮಂಡಿಯೊಳಗೆ ಮರವಿನ ಔಷಧ ಹಾಕುತ್ತೀರಾ ಎಂದು ಕೇಳಿ. ಲಿಡೊಕೇನ್, ಬುಪಿವಕೇನ್ ಎರಡೂ ಲ್ಯಾಬ್ ಪರೀಕ್ಷೆಗಳಲ್ಲಿ ಎಂಎಸ್‌ಸಿಯನ್ನೂ ಕಾರ್ಟಿಲೇಜ್ ಕೋಶವನ್ನೂ ಕೊಲ್ಲುತ್ತವೆ. ಚರ್ಮಕ್ಕೆ ಮಾತ್ರ ಮರವು ಕೊಟ್ಟು, ಕೀಲಿನೊಳಗೆ ಬೇರೇನೂ ಹಾಕದೆ ಚುಚ್ಚಬೇಕು. ಒಂದೇ ಸಿರಿಂಜ್‌ನಲ್ಲಿ ಎರಡನ್ನೂ ಬೆರೆಸುವವರ ಕೈಯಲ್ಲಿ ಕೋಶಗಳ ಸಂಖ್ಯೆ ಎಷ್ಟಿದ್ದರೂ ಉಪಯೋಗವಿಲ್ಲ.